ಹೇಳಿಟ್ಟ ಹುಳು

ಗಣೇಶ್ ಪ್ರಸಾದನಿಗೆ ‘ಇಲ್ಲ’ ಅನ್ನಲು ಬರುತ್ತಿರಲಿಲ್ಲ. ಇದನ್ನು ಒಳ್ಳೆಯತನ ಅಂದುಕೊಂಡವರು ಚಿಕ್ಕಬಳ್ಳಾಪುರದಲ್ಲಿ ಬಹಳ ಜನ ಇದ್ದರು. ಅವರಲ್ಲಿ ಮೊದಲನೆಯವನು ಅವನೇ. ಮದುವೆಗೆ ಬರ್ತೀರಾ ಅಂದರೆ ಖಂಡಿತ ಬರ್ತೀನಿ, ತೆರಿಗೆ ರಿಟರ್ನ್ ನಾಳೆಯೊಳಗೆ ಆಗುತ್ತಾ ಅಂದರೆ ಆಗದೇ ಏನು. ಆಮೇಲೆ ಆ ಹೌದುಗಳನ್ನೆಲ್ಲ ಉಳಿಸಿಕೊಳ್ಳಲು ಬೈಕಿನಲ್ಲಿ ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿ ಅಂತ ಸುತ್ತುವುದು. ಎಲ್ಲ ಹೌದುಗಳೂ ಉಳಿಯುತ್ತಿರಲಿಲ್ಲ. ಉಳಿಯದೆ ಹೋದಾಗ ಅವನು ಎಷ್ಟು ನೊಂದುಕೊಂಡು ಕೈ ಹಿಸುಕಿಕೊಳ್ಳುತ್ತಿದ್ದನೆಂದರೆ, ಮೋಸ ಹೋದವರೇ ಅವನಿಗೆ ಸಮಾಧಾನ ಹೇಳಿ ಕಾಫಿ ಕುಡಿಸಿ ಕಳಿಸುತ್ತಿದ್ದರು.

ಅಂಗಡಿಯವರಿಗೆ ಜಿಎಸ್‌ಟಿ ಲೆಕ್ಕ ಬರೆದುಕೊಡುವುದು ಅವನ ಕಸುಬು. ಅದರ ಜೊತೆಗೆ ಇತ್ತೀಚೆಗೆ ಇನ್ನೊಂದು ಸೇರಿಕೊಂಡಿತ್ತು. ಸಣ್ಣ ವ್ಯಾಪಾರದವರಿಗೆ ಅಂತಲೇ ಮಾಡಿದ, ಇಂಟರ್ನೆಟ್ಟಿನಲ್ಲೇ ನಡೆಯುವ ಲೆಕ್ಕದ ಸಾಫ್ಟ್‌ವೇರ್ ಒಂದನ್ನು ಮಾರಿಕೊಟ್ಟರೆ ಕಂಪನಿ ಅವನಿಗೆ ಕಮಿಷನ್ ಕೊಡುತ್ತಿತ್ತು. ಅಂಗಡಿಯಲ್ಲಿ ಬಿಲ್ ಹಾಕಿದರೆ ಯಜಮಾನ ಮನೆಯಲ್ಲಿ ಕೂತು ಮೊಬೈಲಿನಲ್ಲಿ ನೋಡಬಹುದು, ದಾಸ್ತಾನು ಎಷ್ಟಿದೆ ಅಂತ ತಾನೇ ಕಳೆದು ತೋರಿಸುತ್ತದೆ, ತೆರಿಗೆಯ ಲೆಕ್ಕ ತಾನೇ ಆಗುತ್ತದೆ. ಸಾಫ್ಟ್‌ವೇರ್ ಕೆಟ್ಟದ್ದೇನಲ್ಲ. ಅದರಲ್ಲಿ ಒಂದು ಮಾತ್ರ ಇರಲಿಲ್ಲ. ಮಾರಿದ್ದಕ್ಕೆ ಬಿಲ್ ಇತ್ತು. ಬರೀ ಬೆಲೆ ವಿಚಾರಿಸಿಕೊಂಡು ಹೋಗುವವರಿಗೆ ಎಸ್ಟಿಮೇಟ್ ಇತ್ತು. ಇವೆರಡರ ನಡುವೆ ಇನ್ನೊಂದು ಇದೆಯಲ್ಲ, ಇದು ನನಗೇ ಬೇಕು, ತೆಗೆದಿಡಿ, ಇಂಥ ದಿನ ಬಂದು ತಗೊಂಡು ಹೋಗ್ತೀನಿ ಅಂತ ಒಬ್ಬರು ಹೇಳಿ, ಆಗಲಿ ಅಂತ ಇನ್ನೊಬ್ಬರು ಒಪ್ಪುವುದು, ಅದಕ್ಕೆ ಜಾಗ ಇರಲಿಲ್ಲ. ಸೇಲ್ಸ್ ಆರ್ಡರ್ ಅಂತಾರೆ ಅದಕ್ಕೆ. ಅದಿಲ್ಲದ ಸಾಫ್ಟ್‌ವೇರಿನ ಕಣ್ಣಿಗೆ, ಒಬ್ಬರಿಗೆ ಮಾತು ಕೊಟ್ಟಿಟ್ಟ ಮಾಲೂ ಮಾರಾಟಕ್ಕಿರುವ ಮಾಲೇ.

ಗಣೇಶ್ ಪ್ರಸಾದನಿಗೆ ಇದು ಚೆನ್ನಾಗಿ ಗೊತ್ತಿತ್ತು. ಗೌರಿಬಿದನೂರಿನಲ್ಲಿ ಕಿಟಕಿ ಗ್ರಿಲ್ ಮಾಡುವವರೊಬ್ಬರು ಕೇಳಿದಾಗ ಅವನೇ ಕಂಪನಿಗೆ ಫೋನ್ ಮಾಡಿದ್ದ. “ತುಂಬಾ ಜನ ಕೇಳ್ತಿದ್ದಾರೆ ಸರ್, ನಮ್ಮ ಪ್ಲಾನಲ್ಲಿದೆ, ಬರುತ್ತೆ” ಅಂತ ಆ ಕಡೆಯಿಂದ ಒಂದು ದನಿ ಹೇಳಿತು. ವರ್ಷ ಕಳೆದರೂ ಬರಲಿಲ್ಲ.

ಹೀಗಿರುವಾಗ ಅವನು ಆ ಸಾಫ್ಟ್‌ವೇರನ್ನು ಮುನಿಶಾಮಪ್ಪನ ಚಾಕಿ ಕೇಂದ್ರಕ್ಕೆ ಮಾರಿದ.

ಚಾಕಿ ಅಂದರೆ ರೇಷ್ಮೆ ಹುಳುವಿನ ಎಳೆಗಾಲ. ಮೊಟ್ಟೆಯೊಡೆದು ಬಂದ ಹುಳು ಇರುವೆಯಷ್ಟಿರುತ್ತದೆ. ಅದಕ್ಕೆ ಎಳೆಯ ಹಿಪ್ಪುನೇರಳೆ ಸೊಪ್ಪೇ ಬೇಕು, ಒಂದೇ ಸಮನಾದ ಬಿಸಿ ಬೇಕು, ಚೊಕ್ಕಟವಾದ ಕೈ ಬೇಕು. ಎಲ್ಲರ ಮನೆಯಲ್ಲೂ ಇದು ಆಗುವ ಮಾತಲ್ಲ. ಅದಕ್ಕೆ ಶಿಡ್ಲಘಟ್ಟದ ಸುತ್ತಮುತ್ತ ಮರಿಹುಳುಗಳನ್ನು ಒಂದು ವಾರ ಸಾಕಿಕೊಡುವ ಕೇಂದ್ರಗಳಿವೆ. ಹುಳು ಬೆಳೆಯುವಾಗ ನಡುನಡುವೆ ತಿನ್ನುವುದು ಬಿಟ್ಟು ಸುಮ್ಮನೆ ಕೂತು ಪೊರೆ ಕಳಚುತ್ತದೆ. ಅದನ್ನು ಇಲ್ಲಿನವರು ಜ್ವರ ಅನ್ನುತ್ತಾರೆ. ಎರಡನೇ ಜ್ವರದಿಂದ ಎದ್ದ ಹುಳುವನ್ನು ರೈತರು ಬಂದು ಮನೆಗೆ ಒಯ್ಯುತ್ತಾರೆ. ಆದರೆ ಹುಳು ಮನೆಗೆ ಬರುವ ದಿನಕ್ಕೆ ತೋಟದಲ್ಲಿ ಸೊಪ್ಪು ಹದಕ್ಕೆ ಬಂದಿರಬೇಕು. ಹಾಗೆ ಬರಬೇಕಾದರೆ ತೋಟವನ್ನು ತಿಂಗಳ ಮೇಲೆ ಮೊದಲೇ ಲೆಕ್ಕ ಹಾಕಿ ಕೊಯ್ದಿರಬೇಕು. ಹುಳು ಸಿಗುತ್ತದೆ ಅಂತ ಕೊಟ್ಟ ಮಾತಿನ ಮೇಲೆ ಒಂದು ಇಡೀ ತೋಟ ಚಿಗುರುತ್ತದೆ. ಸೊಪ್ಪು ಬಂದು ಹುಳು ಬರಲಿಲ್ಲವೋ, ಸೊಪ್ಪು ಬಲಿತು ಒರಟಾಗಿ ದನದ ಪಾಲಾಗುತ್ತದೆ.

ಚಿಂತಾಮಣಿ ರಸ್ತೆಯಲ್ಲಿದ್ದ ಮುನಿಶಾಮಪ್ಪನ ಕೇಂದ್ರದಲ್ಲಿ ಇದಕ್ಕೆ ಒಂದು ಗೋಡೆಯಿತ್ತು. ಕಪ್ಪು ಬಣ್ಣ ಬಳಿದ ಗೋಡೆ. ಹುಳು ಹೇಳಿಟ್ಟು ಹೋದವರ ಹೆಸರನ್ನು ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಹೆಸರು ಬಿತ್ತೆಂದರೆ ಆ ಹುಳು ಅವರದು. ಮುನಿಶಾಮಪ್ಪನ ಒಡಹುಟ್ಟಿದವನೇ ಬಂದು ಕೇಳಿದರೂ ಸಿಗುತ್ತಿರಲಿಲ್ಲ. ಹುಳುವಿಗೆ ತೆರಿಗೆ ಇಲ್ಲ. ಆದರೆ ಜೊತೆಯಲ್ಲಿ ಮಾರುವ ಔಷಧಿ, ಬಲೆ, ಟ್ರೇಗಳಿಗೆ ಇದೆ. ಆ ಲೆಕ್ಕದ ಕಾಟಕ್ಕೆ ಮುನಿಶಾಮಪ್ಪ ಸಾಫ್ಟ್‌ವೇರ್ ತೋರಿಸಿ ಅಂದಿದ್ದು. ಗಣೇಶ್ ಪ್ರಸಾದ ಲ್ಯಾಪ್‌ಟಾಪ್ ಬಿಚ್ಚಿ ತೋರಿಸಿದ. ಕೇಂದ್ರದ ಲೆಕ್ಕ ನೋಡಿಕೊಳ್ಳುತ್ತಿದ್ದ ತನುಜ, ಶಿಡ್ಲಘಟ್ಟದಲ್ಲಿ ಬಿಕಾಂ ಓದಿದ ಹುಡುಗಿ, ಪಕ್ಕದಲ್ಲಿ ಕೂತು ಬೇಗ ಬೇಗ ಕಲಿತಳು. ಮುನಿಶಾಮಪ್ಪ ಎಲ್ಲ ನೋಡಿ ಒಂದೇ ಒಂದು ಪ್ರಶ್ನೆ ಕೇಳಿದ.

“ಎಲ್ಲಾ ಸರಿ ಗಣೇಶಪ್ಪನೋರೆ. ಹೇಳಿಟ್ಟೋರ ಹೆಸ್ರು ಇದ್ರಾಗೆ ಎಲ್ಲಿ ಬರ್ಯೋದು?”

“ಹೇಳಿಟ್ಟ ದಿನಾನೇ ಬಿಲ್ ಹಾಕ್ಬಿಡಬಹುದು ಯಜಮಾನ್ರೆ.”

“ಅದಾಗಲ್ಲ. ಹುಳ ಎರಡ್ನೇ ಜ್ವರ ಏಳ್ಬೇಕು, ಆಮೇಲೆ ಬಿಲ್ಲು. ಏಳೋಕೆ ಮುಂಚೆ ಮಾರ್ದೆ ಅಂತ ಬರೆದು, ನಾಳೆ ಅವು ಏಳ್ದೇ ಹೋದ್ರೆ? ನಮ್ಮಪ್ಪನ ಕಾಲ್ದಾಗಿಂದ ಹಂಗೆ ಬರೆದಿಲ್ಲ.”

“ಹಾಗಾದ್ರೆ ಇಲ್ಲಿ ಎಸ್ಟಿಮೇಟ್ ಅಂತ ಇದೆ ನೋಡಿ. ಇದ್ರಲ್ಲಿ ಹಾಕಿಡಿ.”

“ಇದ್ರಾಗೆ ಹಾಕಿದ್ರೆ ಅವ್ರ ಹುಳ ಅವ್ರಿಗೆ ಅಂತ ನಿಂತ್ಕೊಳ್ತದಾ?”

ಇಲ್ಲಿ ‘ಇಲ್ಲ’ ಅನ್ನಬೇಕಿತ್ತು. ಎರಡಕ್ಷರ. ಗಣೇಶ್ ಪ್ರಸಾದನ ನಾಲಿಗೆಗೆ ಅದು ಬರಲಿಲ್ಲ. ಒಪ್ಪಂದ ಕೈಗೆ ಬಂದಿತ್ತು, ಬಿಸಿಲಲ್ಲಿ ಬಂದಿದ್ದ, ಅವರು ಮಜ್ಜಿಗೆ ಕೊಟ್ಟಿದ್ದರು. ಏನಾದರೂ ಆಗುವ ಮೊದಲು ಕಂಪನಿಯವರು ಅದನ್ನು ಸೇರಿಸಿಯೇ ಬಿಡುತ್ತಾರೆ ಅಂತಲೂ ಅಂದುಕೊಂಡ.

“ನಿಂತ್ಕೊಳುತ್ತೆ. ನೀವು ಹೇಳಿಡೋದು ಅಂತೀರಲ್ಲ, ಅದೇ ಇದು. ಹೆಸರು ಬೇರೆ ಅಷ್ಟೆ” ಅಂದ.

ತನುಜ ಕೇಳಿದಳು: “ಹೇಳಿಟ್ಟಿದ್ದನ್ನ ದಾಸ್ತಾನಲ್ಲಿ ತಾನೇ ಕಳ್ಕೊಳುತ್ತಾ ಸಾರ್? ಇಲ್ಲಾಂದ್ರೆ ಗೋಡೆ ಮೇಲೂ ಬರೀತಾ ಇರ್ತೀನಿ.”

“ತಾನೇ ಕಳ್ಕೊಳುತ್ತಮ್ಮ. ಎರಡು ಕಡೆ ಬರೆದ್ರೆ ಗೊಂದಲ. ಒಂದೇ ಕಡೆ ಇರಲಿ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರೆ. ಗಣೇಶ್ ಪ್ರಸಾದನ ಮಾತು ಮಾತ್ರ ಅವತ್ತೇ ಹೋಗಲಿಲ್ಲ, ಕೆಲವು ತಿಂಗಳು ಚೆನ್ನಾಗಿಯೇ ನಡೆಯಿತು. ಕಪ್ಪು ಗೋಡೆಗೆ ಸುಣ್ಣ ಬಿತ್ತು. ಮುನಿಶಾಮಪ್ಪನಿಗೆ ಯಾರು ಯಾರು ಹೇಳಿಟ್ಟಿದ್ದಾರೆ ಅಂತ ಬಾಯಿಪಾಠ ಇರುತ್ತಿತ್ತು. ಹುಳು ಕೊಡುವ ದಿನ ಅವನೇ ಬಾಗಿಲಲ್ಲಿ ನಿಂತು ಹೆಸರು ಕೂಗುತ್ತಿದ್ದ. ಸಾಫ್ಟ್‌ವೇರಿನ ಕೊರತೆ ಅವನ ನೆನಪಿನಿಂದ ಮುಚ್ಚಿಹೋಗುತ್ತಿತ್ತು. ಯಾರಿಗೂ ಅದು ಗೊತ್ತಾಗಲಿಲ್ಲ.

ಆಮೇಲೆ ಮುನಿಶಾಮಪ್ಪನ ಕಣ್ಣಿಗೆ ಪೊರೆ ಬಂತು. ಬೆಂಗಳೂರಿನಲ್ಲಿ ಆಪರೇಷನ್ ಮಾಡಿಸಿಕೊಂಡು ಅವನು ಕಪ್ಪು ಕನ್ನಡಕ ಹಾಕಿಕೊಂಡು ವಾಪಸ್ ಬಂದ ದಿನ, ಬೆಳಿಗ್ಗೆ ಹುಳು ಕೊಡುವುದು ಶುರುವಾಗಿತ್ತು. ಅದೇ ದಿನ ತಿಂಗಳ ಲೆಕ್ಕಕ್ಕೆ ಅಂತ ಗಣೇಶ್ ಪ್ರಸಾದನೂ ಅಲ್ಲಿಗೆ ಹೋಗಿದ್ದ. ತನುಜಳ ಪಕ್ಕದ ಕುರ್ಚಿಯಲ್ಲಿ ಕೂತು ಖರೀದಿ ಬಿಲ್‌ಗಳನ್ನು ತಾಳೆ ನೋಡುತ್ತಿದ್ದ.

ಎಲ್ಲರೂ ಹುಳು ತೆಗೆದುಕೊಂಡು ಹೊರಡುವ ಹೊತ್ತಿಗೆ ರಾಮಲಕ್ಷ್ಮಮ್ಮ ಬಂದಳು. ಗಟ್ಟಿ ಹೆಂಗಸು, ಗಂಡ ಇದ್ದಾಗಲೂ ಇಲ್ಲದಾಗಲೂ ಹುಳು ಮನೆಯನ್ನು ತಾನೇ ನಡೆಸಿದವಳು. ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಅವಳ ಗೂಡಿಗೆ ಹೆಸರಿತ್ತು. ತೊಳೆದು ಒಣಗಿಸಿದ ಟ್ರೇಗಳನ್ನು ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಬಂದಿದ್ದಳು.

“ನಂದೆಲ್ಲಮ್ಮಾ ತನುಜಾ?”

ತನುಜ ಸ್ಕ್ರೀನ್ ನೋಡಿದಳು. ರಾಮಲಕ್ಷ್ಮಮ್ಮನ ಹೆಸರು ಎಸ್ಟಿಮೇಟಿನಲ್ಲಿ ಇತ್ತು. ದಾಸ್ತಾನಿನಲ್ಲಿ ಹುಳು ಇರಲಿಲ್ಲ. ಒಳಗೆ ಹೋಗಿ ಟ್ರೇಗಳನ್ನು ನೋಡಿ ಬಂದಳು. ಅಲ್ಲೂ ಇರಲಿಲ್ಲ. 

ಆದದ್ದು ಇಷ್ಟು. ಬೆಳಕು ಹರಿಯುವ ಹೊತ್ತಿಗೆ ಕೋನಪ್ಪ ಅನ್ನುವವನು ಬಂದಿದ್ದ. ಅವನು ಬೇರೆ ಕಡೆ ಹೇಳಿಟ್ಟಿದ್ದ ಹುಳು ಜ್ವರದಲ್ಲೇ ಸತ್ತಿತ್ತು. ಇಲ್ಲಿ ಮಿಕ್ಕಿದ್ದರೆ ಕೊಡಿ ಅಂದ. ತನುಜ ಕಂಪ್ಯೂಟರ್ ನೋಡಿದಳು. ಇದೆ ಅಂತ ಹಸಿರು ಬಣ್ಣದಲ್ಲಿ ತೋರಿಸಿತು. ಹೇಳಿಟ್ಟವರದ್ದೆಲ್ಲ ಕಳೆದು ಮಿಕ್ಕಿದ್ದು ಇದು ಅಂತ ನಂಬಿ ಬಿಲ್ ಹಾಕಿ ಕೊಟ್ಟಳು. ಅವಳು ನಂಬಿದ್ದು ಕಂಪ್ಯೂಟರನ್ನಲ್ಲ, ಗಣೇಶ್ ಪ್ರಸಾದನನ್ನು. ಆದರೆ ಇದರಲ್ಲಿ ಇನ್ನೊಂದಿತ್ತು. ಕೋನಪ್ಪ ಅವಳ ತಾಯಿ ಆಂಜಿನಮ್ಮನ ತಮ್ಮ, ಅವಳ ಸೋದರಮಾವ.

ಅದನ್ನು ಯಾರೋ ಹಿಂದಿನಿಂದ ಹೇಳಿದರು. ಹೇಳಿದ್ದೇ ತಡ, ನಿಂತಿದ್ದವರೆಲ್ಲ ತಿರುಗಿ ಹುಡುಗಿಯನ್ನು ನೋಡಿದರು.

“ಮಾವನ ಮನೆ ತುಂಬ್ಸೋಕೆ ನನ್ ಮನೆ ಖಾಲಿ ಮಾಡ್ದೇನಮ್ಮ?” ಅಂದಳು ರಾಮಲಕ್ಷ್ಮಮ್ಮ. ದನಿ ಎತ್ತಲಿಲ್ಲ. “ಇದನ್ನ ಕಳ್ತನ ಅನ್ನದೆ ಏನಂತಾರೆ?”

ಕೋನಪ್ಪನ ಮನೆಯಿಂದ ಹುಳು ವಾಪಸ್ ತರಿಸುವಂತೆಯೂ ಇರಲಿಲ್ಲ. ಒಂದು ಮನೆಯ ಸೊಪ್ಪು ತಿಂದ ಹುಳು ಇನ್ನೊಂದು ಮನೆಯ ಹೊಸಲು ದಾಟಬಾರದು. ರೋಗ ಬರುತ್ತದೆ ಅಂತ ಓದಿದವರು ಅನ್ನುತ್ತಾರೆ, ಲಕ್ಷ್ಮಿ ಮುನಿಸಿಕೊಳ್ಳುತ್ತಾಳೆ ಅಂತ ಹಿರಿಯರು. ಹೇಗೂ ತರುವವರಿಲ್ಲ, ತಗೊಳ್ಳುವವರಿಲ್ಲ. ಮುಂದಿನ ಸರದಿಯ ಹುಳುವೆಲ್ಲ ಬೇರೆಯವರು ಹೇಳಿಟ್ಟದ್ದು.

ಮುನಿಶಾಮಪ್ಪ ಕಪ್ಪು ಕನ್ನಡಕದ ಹಿಂದಿನಿಂದ ದನಿ ಬಂದ ಕಡೆಗೆ ತಿರುಗುತ್ತಿದ್ದ. ಕೊನೆಗೆ ಗಣೇಶ್ ಪ್ರಸಾದನ ಹೆಗಲು ಹುಡುಕಿ ಕೈ ಇಟ್ಟ.

“ನಂಗೆ ಇನ್ನೂ ಅಕ್ಷರ ಕಾಣಲ್ಲ ಗಣೇಶಪ್ಪನೋರೆ. ನೀವ್ ನೋಡಿ ಹೇಳಿ. ಕಂಪ್ಯೂಟ್ರು ತಪ್ಪಾ, ಹುಡ್ಗಿ ತಪ್ಪಾ?”

ಗಣೇಶ್ ಪ್ರಸಾದ ಸ್ಕ್ರೀನ್ ನೋಡಿದ. ನೋಡುವುದಕ್ಕೆ ಏನೂ ಇರಲಿಲ್ಲ, ನೋಡದೆಯೇ ಗೊತ್ತಿತ್ತು. ಆದರೂ ಮೌಸ್ ಹಿಡಿದು ಅದನ್ನು ಇದನ್ನು ಒತ್ತಿದ. ಅಲ್ಲಿದ್ದವರಲ್ಲಿ ಅರ್ಧ ಜನ ಮುಂದೆ ಅವನ ಗಿರಾಕಿಗಳಾಗಬಹುದಾದವರು.

“ರಾಮಲಕ್ಷ್ಮಮ್ಮನೋರ ಎಂಟ್ರಿ ಇದೆ. ಕೋನಪ್ಪನೋರ ಬಿಲ್ ಬೆಳಿಗ್ಗೆ ಆಗಿದೆ. ತನುಜ ಅವ್ರ ಲಾಗಿನ್‌ನಿಂದಲೇ ಆಗಿದೆ” ಅಂದ.

ಪ್ರತಿಯೊಂದು ಮಾತೂ ನಿಜ. ಇಷ್ಟು ನಿಜ ಸೇರಿಸಿ ಇಷ್ಟು ದೊಡ್ಡ ಸುಳ್ಳು ಕಟ್ಟಬಹುದು ಅಂತ ಅವನಿಗೂ ಅವತ್ತೇ ಗೊತ್ತಾಗಿದ್ದು.

ತನುಜ ಅವನ ಕಡೆ ತಿರುಗಿದಳು. “ಸಾರ್, ಇದೆ ಅಂತ ತೋರಿಸ್ತು ಸಾರ್. ಹೇಳಿಟ್ಟಿದ್ದು ತಾನೇ ಕಳ್ಕೊಳುತ್ತೆ ಅಂತ ನೀವೇ ಹೇಳಿದ್ರಲ್ಲ.”

“ಒಂದೊಂದ್ಸಲ ನೋಡೋದ್ರಲ್ಲಿ ಹೆಚ್ಚುಕಮ್ಮಿ ಆಗುತ್ತಮ್ಮ” ಅಂದ ಗಣೇಶ್ ಪ್ರಸಾದ, ಬಹಳ ಮೃದುವಾಗಿ.

ಆ ಮೃದುತನವೇ ಅವಳನ್ನು ಮುಗಿಸಿತು. ಗದರಿದ್ದರೆ ಯಾರಾದರೂ ಅವಳ ಪರ ನಿಲ್ಲುತ್ತಿದ್ದರೋ ಏನೋ. ಇಷ್ಟು ಒಳ್ಳೆಯವರು ಇಷ್ಟು ಕನಿಕರದಿಂದ ಹೇಳಿದ ಮೇಲೆ ಇನ್ನೇನು ಉಳಿಯಿತು?  ಮುನಿಶಾಮಪ್ಪ ಅವಳನ್ನು ಕೆಲಸದಿಂದ ತೆಗೆಯಲಿಲ್ಲ, “ಸ್ವಲ್ಪ ದಿನ ಮನೇಲಿರಮ್ಮ” ಅಂದ. ಹಾಗಂದರೆ ಏನು ಅಂತ ಊರಿಗೆಲ್ಲ ಅರ್ಥವಾಗುತ್ತದೆ. ರಾಮಲಕ್ಷ್ಮಮ್ಮ ಹದಕ್ಕೆ ಬಂದ ಸೊಪ್ಪನ್ನು ಕೊಯ್ಯಿಸಿ ಹಸುಗಳಿಗೆ ಹಾಕಿಸಿದಳು. ಬೆಳಿಗ್ಗೆ ಡೇರಿಯಲ್ಲಿ ಹಾಲು ಹಾಕಲು ನಿಂತಾಗ, ಹುಳು ಮನೆ ಯಾಕೆ ಖಾಲಿ ಅಂತ ಕೇಳಿದವರಿಗೆಲ್ಲ ಯಾಕೆ ಅಂತ ಹೇಳಿದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುವುದು ಸುಮ್ಮನೆ ಹುಟ್ಟಿದ ಗಾದೆಯಲ್ಲ.

ಗಣೇಶ್ ಪ್ರಸಾದ ಮನೆಗೆ ಬಂದು ಅನ್ನ ಕಲಸಿ ಹಾಗೇ ಕೂತ. ಹೆಂಡತಿ ಶ್ರೀವಲ್ಲಿ ಏನಾಯಿತು ಅಂತ ಕೇಳಿದಳು. ಹೇಳಿದ; ಹೇಳಬೇಕಾದ್ದನ್ನು ಬಿಟ್ಟು ಮಿಕ್ಕಿದ್ದೆಲ್ಲ ಹೇಳಿದ.

“ಪಾಪ. ಓದಿದ ಹುಡುಗಿ. ಯಾಕೆ ಹಾಗೆ ಮಾಡಿದ್ಲು ಅಂತೀರ?” ಅಂದಳು ಶ್ರೀವಲ್ಲಿ.

“ಯಾರಿಗೆ ಗೊತ್ತು” ಅಂದ.

ಹೆಂಡತಿಯ ಎದುರಿಗೂ. ಅಲ್ಲಿ ಗಿರಾಕಿಗಳೂ ಇರಲಿಲ್ಲ, ಕಮಿಷನ್ನೂ ಇರಲಿಲ್ಲ. ಸುಳ್ಳು ಅಷ್ಟು ಹೊತ್ತಿಗೆ ತಾನೇ ನಡೆಯುವುದು ಕಲಿತಿತ್ತು.

ಮುಂದಿನ ದಿನಗಳಲ್ಲಿ ಅವನಿಗೆ ಆದದ್ದು ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡವನ ಪಾಡು, ನುಂಗುವಂತಿಲ್ಲ, ಉಗುಳುವಂತಿಲ್ಲ. ಕಂಪನಿಗೆ ಕೋಪದ ಮೇಲ್ ಬರೆದ. ‘ನಿಮ್ಮ ಸಲಹೆಗೆ ಧನ್ಯವಾದಗಳು’ ಅಂತ ಉತ್ತರ ಬಂತು. ಕೋಪ ಮಾಡಿಕೊಂಡು ಸ್ವಲ್ಪ ಹಗುರಾದ, ಊಟದ ಹೊತ್ತಿಗೆ ಮತ್ತೆ ಭಾರವಾದ. ತಪ್ಪು ಕಂಪನಿಯದು ಅಂತ ಒಂದು ಸಲ, ಗೋಡೆಯ ಮೇಲೆ ಬರೆದುಕೊಳ್ಳಬೇಕಿತ್ತು ಅಂತ ಇನ್ನೊಂದು ಸಲ. ಬರೆಯಬೇಡಿ ಅಂದವನು ಯಾರು ಅಂತ ನೆನಪಾದಾಗ ಎದ್ದು ನೀರು ಕುಡಿಯುವುದು. ಮುನಿಶಾಮಪ್ಪನಿಗೆ ಸಾಫ್ಟ್‌ವೇರಿನ ಮುಂದಿನ ವರ್ಷದ ಚಂದಾ ಬೇಡ, ನಾನೇ ಕಟ್ಟುತ್ತೇನೆ ಅಂತ ಫೋನ್ ಮಾಡಿದ. “ನಮ್ ಮನೆ ಹುಡ್ಗಿ ಮಾಡಿದ್ ತಪ್ಪಿಗೆ ನೀವ್ಯಾಕೆ ಕಟ್ತೀರ? ನೀವ್ ಬಾಳ ಒಳ್ಳೇರು ಬಿಡಿ ಗಣೇಶಪ್ಪನೋರೆ” ಅಂದ ಮುನಿಶಾಮಪ್ಪ. ಅವತ್ತಿನಷ್ಟು ನಾಚಿಕೆ ಅವನಿಗೆ ಯಾವತ್ತೂ ಆಗಿರಲಿಲ್ಲ. ಒಳ್ಳೆಯವನು ಅನ್ನಿಸಿಕೊಳ್ಳುವುದಕ್ಕೆ ಬದುಕಿಡೀ ಏನೆಲ್ಲ ಮಾಡಿದವನಿಗೆ ಆ ಮಾತು ಕೇಳಿ ಫೋನ್ ಎಸೆಯಬೇಕು ಅನ್ನಿಸಿತು.

ತನುಜಳಿಗೂ ಮೆಸೇಜ್ ಮಾಡಿದ. ‘ಚಿಕ್ಕಬಳ್ಳಾಪುರದ ನನ್ನ ಆಫೀಸಿಗೆ ಬರ್ತೀಯಾಮ್ಮ, ಕೆಲಸ ಇದೆ.’ ಅವಳು ಓದಿದಳು, ಉತ್ತರ ಕೊಡಲಿಲ್ಲ.

ಹೀಗೆ ತಿಂಗಳಾಗುತ್ತ ಬಂದಾಗ ಶಿಡ್ಲಘಟ್ಟದಿಂದ ಮುರಳಿಮೋಹನ್ ಕರೆದ. ಅವನದು ನೂಲು ಬಿಚ್ಚುವ ಘಟಕ. ಗೂಡು ಬೇಯಿಸಿ ರೇಷ್ಮೆ ಎಳೆ ತೆಗೆಯುವುದು. ನೇಯುವವರು ಮೊದಲೇ ಹೇಳಿ ನೂಲು ತೆಗೆದಿಡಿಸುತ್ತಿದ್ದರು. ಅವನಿಗೂ ಆ ಸಾಫ್ಟ್‌ವೇರ್ ಬೇಕಾಗಿತ್ತು. ಗಣೇಶ್ ಪ್ರಸಾದ ಹೋಗಿ ಕೂತ. ಒಳಗೆ ಬೆಂದ ಗೂಡಿನ ವಾಸನೆ, ಮೆಷಿನ್‌ಗಳ ಸದ್ದು. ಮುರಳಿಮೋಹನ್ ಲ್ಯಾಪ್‌ಟಾಪ್ ಕಡೆ ನೋಡುವ ಮೊದಲೇ ಬೇರೆ ಮಾತು ತೆಗೆದ.

“ತನುಜ ಅಂತ ಒಂದ್ ಹುಡ್ಗಿ ಕೆಲ್ಸ ಕೇಳ್ಕೊಂಡ್ ಬಂದಿದ್ಲು. ಮುನಿಶಾಮಪ್ಪನೋರ ಹತ್ರ ಇದ್ದೋಳು. ಕಂಪ್ಯೂಟರ್ ಎಲ್ಲ ಬರುತ್ತೆ. ಆದ್ರೆ ಹುಳ ಕದ್ದು ಮಾವಂಗೆ ಕೊಟ್ಲು ಅಂತಾರೆ. ನೀವು ಅಲ್ಲೇ ಇದ್ರಂತಲ್ಲ. ಹೆಂಗೆ?”

“ಕೆಲಸ ಚೆನ್ನಾಗಿ ಮಾಡ್ತಾಳೆ.”

“ಅದಲ್ಲಣ್ಣ ನಾನ್ ಕೇಳಿದ್ದು. ಕೈ ಹೆಂಗೆ? ಇಲ್ಲಿ ನೂಲು ಬೆಳ್ಳಿ ಇದ್ದಂಗೆ. ಈಗಾಗ್ಲೇ ಇಬ್ರು ಬೇಡ ಅಂದವ್ರಂತೆ ಅವ್ಳನ್ನ.”

ಗಣೇಶ್ ಪ್ರಸಾದ ಲ್ಯಾಪ್‌ಟಾಪಿನ ವೈರ್ ಬಿಡಿಸುತ್ತ ಕೂತ. ಮುರಳಿಮೋಹನ್ ಸ್ವಲ್ಪ ಹೊತ್ತು ಕಾದ. ಉತ್ತರ ಬರದಿರುವುದೇ ಉತ್ತರ ಅಂದುಕೊಂಡು ತಲೆಯಾಡಿಸಿದ.

“ಹೋಗ್ಲಿ ಬಿಡಿ, ನಮಗ್ಯಾಕೆ. ಬೇರೆಯೋರ್ನ ನೋಡ್ಕೊಂಡ್ರಾಯ್ತು. ಇದ್ರಲ್ಲಿ ಆರ್ಡರ್ ಹಿಡಿದಿಡೋದು ಇದೆ ತಾನೆ? ಒಬ್ರಿಗೆ ಹೇಳಿದ ನೂಲು ಇನ್ನೊಬ್ರಿಗೆ ಹೋಗ್ಬಾರ್ದು ನೋಡಿ.”

ಅದೇ ಪ್ರಶ್ನೆ, ಅಷ್ಟೇ ನಂಬಿಕೆಯಿಂದ. ‘ಇದೆ’ ಅನ್ನುವುದು ನಾಲಿಗೆಯ ತುದಿಗೆ ಬಂದೇ ಬಿಟ್ಟಿತ್ತು. ಅದು ಅಷ್ಟು ಸಲೀಸಾಗಿ ಬಂತಲ್ಲ ಅಂತ ಗಣೇಶ್ ಪ್ರಸಾದನಿಗೆ ತನ್ನ ಬಗ್ಗೆ ಹೆದರಿಕೆಯಾಯಿತು. ಒಬ್ಬ ಹುಡುಗಿಯ ಹೆಸರು ಕೆಡಿಸಿದ ನಾಲಿಗೆ, ಆ ಹೆಸರಿನ ಮಾತು ನಡೆಯುತ್ತಿರುವಾಗಲೇ, ಇನ್ನೊಂದಕ್ಕೆ ತಯಾರಾಗಿತ್ತು.

“ಇಲ್ಲ” ಅಂದ.

ಮೆಷಿನ್ ಸದ್ದಿನಲ್ಲಿ ಮುರಳಿಮೋಹನನಿಗೆ ಕೇಳಿಸಲಿಲ್ಲ. “ಏನಂದ್ರಿ?”

“ಇಲ್ಲ ಅಂದೆ. ಇದ್ರಲ್ಲಿ ಅದಿಲ್ಲ. ಮುನಿಶಾಮಪ್ಪನೋರಿಗೆ ಇದೆ ಅಂತ ಹೇಳಿ ಮಾರಿದೆ. ಆ ಹುಡುಗಿ ಏನೂ ಕದ್ದಿಲ್ಲ. ಕಂಪ್ಯೂಟರ್ ಮಿಕ್ಕಿದೆ ಅಂತ ತೋರಿಸ್ತು, ಕೊಟ್ಲು. ನನಗೆ ಅವತ್ತೇ ಗೊತ್ತಿತ್ತು.” ಸದ್ದಿಗೆ ಕೂಗಿ ಹೇಳಬೇಕಾಯಿತು. ಬಾಣಲೆಯ ಹತ್ತಿರ ಕೂತಿದ್ದ ಹೆಂಗಸರು ತಿರುಗಿ ನೋಡಿದರು.

ಮುರಳಿಮೋಹನ್ ಅವನ ಮುಖ ನೋಡಿದ. “ಇದನ್ನ ನನಗ್ಯಾಕಣ್ಣ ಹೇಳ್ತೀರ?” ಅಂದ. “ಕೇಳಬೇಕಾದೋರು ಅಲ್ಲಿ ಅವ್ರೆ.”

ಮುನಿಶಾಮಪ್ಪನ ಕೇಂದ್ರದಲ್ಲಿ ಮುಂದಿನ ಸರದಿಯ ಹುಳು ಕೊಡುವ ದಿನ ಗಣೇಶ್ ಪ್ರಸಾದ ಬೆಳಿಗ್ಗೆಯೇ ಹೋದ. ಬೈಕ್ ನಿಲ್ಲಿಸಿದ ಮೇಲೂ ವಾಪಸ್ ಹೋಗಿಬಿಡುವ ಯೋಚನೆ ಬಂತು. ಹತ್ತಾರು ಜನ ಟ್ರೇ ಇಟ್ಟುಕೊಂಡು ನಿಂತಿದ್ದರು. ರಾಮಲಕ್ಷ್ಮಮ್ಮನೂ ಇದ್ದಳು, ಹೇಳಿಟ್ಟವರೊಬ್ಬರು ತಮ್ಮ ಪಾಲಿನಲ್ಲಿ ಅರ್ಧ ಬಿಟ್ಟುಕೊಟ್ಟಿದ್ದರು. ಮುನಿಶಾಮಪ್ಪ ಕಪ್ಪು ಕನ್ನಡಕ ತೆಗೆದಿದ್ದ, ಬಾಗಿಲಲ್ಲಿ ನಿಂತಿದ್ದ. ಗಣೇಶ್ ಪ್ರಸಾದ ಎಲ್ಲರಿಗೂ ಕೇಳುವಂತೆ ಹೇಳಿದ. ಚೆನ್ನಾಗೇನೂ ಹೇಳಲಿಲ್ಲ. ಮೊದಲು ಸಾಫ್ಟ್‌ವೇರ್, ಎಸ್ಟಿಮೇಟ್, ಕಂಪನಿ ಅಂತ ಸುತ್ತಿ ಬಳಸಿ ಶುರುಮಾಡಿದ. ಯಾರಿಗೂ ಅರ್ಥವಾಗುತ್ತಿಲ್ಲ ಅಂತ ಕಂಡು ನಿಲ್ಲಿಸಿದ. ಆಮೇಲೆ, “ಹೇಳಿಟ್ಟ ಹುಳು ಹಿಡಿದಿಡೋಕೆ ಅದಕ್ಕೆ ಬರಲ್ಲ. ಬರುತ್ತೆ ಅಂತ ನಾನು ಸುಳ್ಳು ಹೇಳಿದ್ದೆ. ತನುಜಂದು ಏನೂ ತಪ್ಪಿಲ್ಲ” ಅಂದ.

ಮುನಿಶಾಮಪ್ಪ ಕಣ್ಣಿನ ನೀರು ಒರೆಸಿಕೊಂಡ, ಆಪರೇಷನ್ ಆದ ಕಣ್ಣು, ಬಿಸಿಲಿಗೆ ಸೋರುತ್ತಿತ್ತು.

“ಅವತ್ತು ನಂಗೆ ಕಣ್ ಕಾಣ್ತಿರ್ಲಿಲ್ಲ ಗಣೇಶಪ್ಪನೋರೆ. ನಿಮ್ ಕಣ್ ನಂಬ್ದೆ” ಅಂದ.

ಗಣೇಶ್ ಪ್ರಸಾದ ತಲೆ ತಗ್ಗಿಸಿದ. ಬೈದರೆ ಚೆನ್ನಾಗಿತ್ತು ಅಂದುಕೊಂಡ. ಯಾರಾದರೂ ಬೈಯಲಿ ಅಂತ ಅಷ್ಟು ಆಸೆಪಟ್ಟಿದ್ದು ಅವನ ಜೀವನದಲ್ಲಿ ಅದೇ ಮೊದಲು.

ರಾಮಲಕ್ಷ್ಮಮ್ಮ ಟ್ರೇ ಕೆಳಗಿಟ್ಟು ಹತ್ತಿರ ಬಂದಳು. “ಏಮಯ್ಯಾ, ಅದ್ರಾಗೆ ಇಲ್ಲ ಅಂತ ನಿಂಗೆ ಅವತ್ತೇ ಗೊತ್ತಿತ್ತಾ?”

“ಗೊತ್ತಿತ್ತಮ್ಮ.”

“ನಾನು ಆ ಹುಡ್ಗೀನ ಕಳ್ಳಿ ಅಂದಾಗ ನೀನು ಪಕ್ಕದಾಗೇ ಇದ್ದೆ.”

“ಇದ್ದೆ.”

“ನನ್ ಸೊಪ್ಪು ಹೋಯ್ತು, ಹೋಗ್ಲಿ, ಮತ್ತೆ ಚಿಗುರ್ತದೆ. ನನ್ ಬಾಯಾಗೆ ಆ ಮಾತು ಬಂತಲ್ಲ, ಊರೆಲ್ಲ ಸಾರ್ಕೊಂಡ್ ಬಂದ್ನಲ್ಲ ತಿಂಗ್ಳಿಡೀ. ಅದನ್ನ ಎಲ್ಲಿಗೆ ತಗೊಂಡೋಗಿ ಹಾಕ್ಲಿ ನಾನು?” ಅಂದಳು.  “ಬಾ. ಅವ್ಳ ಮನೆಗೆ ಹೋಗಣ. ನೀನೂ ಬಾ.”

ತನುಜಳ ಮನೆ ಅಲ್ಲಿಂದ ಎರಡು ಬೀದಿ ಆಚೆ. ಆಂಜಿನಮ್ಮ ಬಾಗಿಲಲ್ಲಿ ರಾಮಲಕ್ಷ್ಮಮ್ಮನನ್ನು ಕಂಡು ಮುಖ ಗಂಟು ಹಾಕಿಕೊಂಡಳು, ಹಿಂದೆ ಮುನಿಶಾಮಪ್ಪನನ್ನು ಕಂಡು ದಾರಿ ಬಿಟ್ಟಳು. ತನುಜ ಒಳಗಿನಿಂದ ಬಂದಳು. ಇಳಿದುಹೋಗಿದ್ದಳು. ರಾಮಲಕ್ಷ್ಮಮ್ಮ ಹುಡುಗಿಯ ಎರಡೂ ಕೈ ಹಿಡಿದುಕೊಂಡು, “ತಪ್ಪಾಯ್ತಮ್ಮ ತನುಜಾ. ನಿನ್ನ ಅನ್ನಬಾರದ್ದು ಅಂದ್ಬಿಟ್ಟೆ” ಅಂದು ಅತ್ತಳು. ನಾಳೆ ಡೇರಿಯ ಹತ್ತಿರ ನಿಂತು ಇದನ್ನೂ ಹೇಳುತ್ತೇನೆ, ಅದನ್ನು ಎಷ್ಟು ಜನಕ್ಕೆ ಹೇಳಿದೆನೋ ಅಷ್ಟೂ ಜನಕ್ಕೆ ಹೇಳುತ್ತೇನೆ ಅಂದಳು. ತನುಜ ಅವಳನ್ನು ಚಾಪೆಯ ಮೇಲೆ ಕೂರಿಸಿ ನೀರು ತಂದುಕೊಟ್ಟಳು.

“ಅಳ್ಬೇಡಿ ದೊಡ್ಡಮ್ಮ. ನಿಮ್ಮ ಮನೆ ಖಾಲಿ ಆಗಿತ್ತು, ಸಿಟ್ಟಲ್ಲಿ ಅಂದ್ರಿ. ನಿಮಗೆ ಗೊತ್ತಿರ್ಲಿಲ್ಲ.”

ಹಾಗಂದು ಅವಳು ಗಣೇಶ್ ಪ್ರಸಾದನ ಕಡೆ ನೋಡಿದಳು.  

ಅವನು ತಾನೇ ಬಾಯಿ ತೆರೆದ. ಕ್ಷಮಿಸಮ್ಮ ಅಂದ. ಎಲ್ಲರ ಮುಂದೆ ಹೇಳಿ ಬಂದಿದ್ದೇನೆ ಅಂದ. ಮುರಳಿಮೋಹನನಿಗೂ ಹೇಳಿದ್ದೇನೆ, ಅವನು ಯಾವತ್ತು ಬೇಕಾದರೂ ಕೆಲಸ ಕೊಡುತ್ತಾನೆ ಅಂದ. ಅಷ್ಟರಲ್ಲಿ ಆಂಜಿನಮ್ಮ ಕಾಫಿ ತಂದಳು. ಬಂದವರಿಗೆಲ್ಲ ಕೊಟ್ಟಳು, ಅವನಿಗೂ ಕೊಟ್ಟಳು. ಸಕ್ಕರೆ ಸಾಕಾ ಅಂತ ಕೂಡ ಕೇಳಿದಳು. ಆ ಲೋಟವನ್ನು ಖಾಲಿ ಮಾಡುವುದು ಅವನಿಗೆ ಬಹಳ ಕಷ್ಟವಾಯಿತು.

ಮುನಿಶಾಮಪ್ಪ ಏಳುವಾಗ ಕೇಳಿದ: “ಕೆಲ್ಸಕ್ಕೆ ಬಾಮ್ಮ ನಾಳೆಯಿಂದ. ನಿನ್ನ ಮನೇಲಿರು ಅಂದಿದ್ದು ನನ್ ತಪ್ಪು. ಬರ್ತೀಯಾ?”

“ಬರ್ತೀನಪ್ಪ” ಅಂದಳು ತನುಜ.

ಗಣೇಶ್ ಪ್ರಸಾದನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಎಲ್ಲ ಸರಿಹೋಯಿತು ಅಂದುಕೊಂಡ. ಅಂಥವರು ಬೇಗ ಅಂದುಕೊಳ್ಳುತ್ತಾರೆ. “ನಾನು ತಿಂಗಳ ಲೆಕ್ಕಕ್ಕೆ ಬಂದಾಗ ಅದನ್ನೆಲ್ಲ ಕೂತು ಸರಿ ಮಾಡಣಮ್ಮ, ಬೇರೆ ಸಾಫ್ಟ್‌ವೇರ್ ನೋಡಣ” ಅಂದ.

ತನುಜ ಖಾಲಿ ಲೋಟಗಳನ್ನು ಒಂದೊಂದಾಗಿ ಎತ್ತಿಕೊಂಡಳು.

“ಬನ್ನಿ ಸಾರ್. ಬರೋ ದಿನ ಮುಂಚೇನೇ ಹೇಳಿ” ಅಂದಳು. “ಅವತ್ತು ನಾನು ರಜ ಹಾಕ್ತೀನಿ.”